ಮಂಡಕ್ಕಿ ಭಟ್ಟಿಯ ಬೆಕ್ಕಿಗೆ ನಾನು ಮಾಡಿದ ಮದ್ದು

ಗಾಯ ಆದ ಬೆಕ್ಕಿಗೆ ಔಷಧ ಹಚ್ಚೋ ಮನುಷ್ಯನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಹುಡುಕಿಕೊಂಡು ಹೋಗೋದೇ ಬೇಡ, ಅದೇ ಬಾಗಿಲಿಗೆ ಬರುತ್ತೆ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಮಂಡಕ್ಕಿ ಕಟ್ಟಿಕೊಡೋ ಹಳೇ ಪೇಪರ್ ನೋಡಿ ನೋಡಿ ಅಕ್ಷರ ಕೂಡಿಸಿಕೊಂಡೋನು. ಆದ್ರೂ ಒಂದು ಕಾಲಕ್ಕೆ ದಾವಣಗೆರೆಯಿಂದ ಹರಿಹರದ ತನಕ ಬೆಕ್ಕಿನ ಡಾಕ್ಟ್ರು ಅಂದ್ರೆ ನಾನೇ. ಬೇಕಾದ್ರೆ ಆಗಿನ ಬೆಕ್ಕುಗಳನ್ನ ಕೇಳಿ ನೋಡಿ.

ಆಗಿನ್ನೂ ನಮ್ಮೂರು ದಾವಣಗೆರೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ನಾನು ಒಂದು ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿಗೆ ಅಕ್ಕಿ ಹಾಕಿ ಹುರಿಯೋ ಕೆಲಸಕ್ಕಿದ್ದೆ. ಭಟ್ಟಿಗೊಂದು ಕೆಂಚು ಗಂಡುಬೆಕ್ಕಿತ್ತು. ಆ ಬೆಂಕಿ ಮುಂದೆ ಬೇರೆ ಯಾರೂ ಎರಡು ನಿಮಿಷ ನಿಲ್ತಿರಲಿಲ್ಲ. ಅದು ಮಾತ್ರ ದಿನವಿಡೀ ನನ್ನ ಪಕ್ಕದ ಮರಳುಗುಡ್ಡೆ ಮೇಲೆ ಮಲಗಿರೋದು. ಕೆಲಸದ ಹೊತ್ತಲ್ಲಿ ಮಾತಾಡೋಕೆ ನನಗಿದ್ದ ಜೊತೆ ಅದೊಂದೇ. ನಾನು ಏನು ಹೇಳಿದ್ರೂ ಒಂದು ಸಲಾನೂ ‘ಸುಳ್ಳು’ ಅಂದದ್ದಿಲ್ಲ.

೧. ಕೊಂಡಜ್ಜಿಯ ಚಿರತೆ

ಒಂದಿನ ಬೆಕ್ಕು ಎಲ್ಲೋ ಜಗಳ ಆಡಿ ಭುಜ ಹರಕೊಂಡು ಬಂತು. ನಾಲ್ಕು ದಿನಕ್ಕೆ ಗಾಯ ಕೀವಾಯ್ತು, ವಾಸನೆ ಶುರುವಾಯ್ತು. ಭಟ್ಟಿ ಸಾವ್ಕಾರ್ರು ಮೂಗು ಮುಚ್ಚಿಕೊಂಡು ಬಂದ್ರು.

“ಮಂಡಕ್ಕಿ ರಾಶಿ ಪಕ್ಕ ಇದು ಕೀವು ಸುರಿಸ್ಕೊಂಡು ಕುಂತ್ರೆ ಯಾರೋ ಕೊಳ್ತಾರೆ? ಹರಿಹರಕ್ಕೆ ಗಾಡಿ ಹೋಗುವಾಗ ಚೀಲದಾಗೆ ಹಾಕ್ಕೊಂಡು ಹೋಗಿ ಹೊಳಿ ಆಚೆ ಬಿಟ್ಟು ಬರಾನ.”

ಹೊಳೆ ದಾಟಿಸಿ ಬಿಟ್ಟ ಬೆಕ್ಕು ಮನೆಗೆ ತಿರುಗಿ ಬರೋದಿಲ್ಲ ಅಂತ ನಮ್ಮ ಕಡೆ ನಂಬಿಕೆ. ನಾನು ಬೆಕ್ಕಿಗೆ ಅಡ್ಡ ನಿಂತೆ. ಆದ್ರೆ ಬಾಯಿ ಸುಮ್ಮನಿರಬೇಕಲ್ಲ?

“ಎರಡು ವಾರ ಕೊಡ್ರಿ ಸಾವ್ಕಾರ್ರೆ. ಕೊಂಡಜ್ಜಿ ಗುಡ್ಡದಾಗೆ ಚಿರತೆ ಬೆನ್ನಿನ ಗಾಯ ವಾಸಿ ಮಾಡಿದ ಕೈ ಇದು. ಬೇವಿನ ಸೊಪ್ಪು ಅರೆದು ಹಚ್ಚಿದ್ದೆ. ಮೂರೇ ದಿನಕ್ಕೆ ಎದ್ದು ಬಂದು ನನ್ನ ಕಾಲು ನೆಕ್ಕಿತು.”

“ಹೌದಾ? ಎಲ್ಲಿ, ಇದನ್ನ ಒಂದು ಸಲ ಎತ್ಕ ನೋಡಾನ.”

ಕೈ ಹಾಕಿದೆ. ಮರುಗಳಿಗೆ ಬೆಕ್ಕು ಅಲ್ಲೇ ಇತ್ತು, ನಾನು ಭತ್ತದ ಚೀಲದ ಅಟ್ಟಿ ಮೇಲಿದ್ದೆ. ಮುಂಗೈ ಮೇಲೆ ಐದು ಗೆರೆ, ಒಂದೊಂದರಲ್ಲೂ ರಕ್ತ.

ಸಾವ್ಕಾರ್ರು ನಿಧಾನಕ್ಕೆ ಅಂದ್ರು, “ಆ ಚಿರತೆ ಬಾಳ ಸಾಧು ಇತ್ತು ಬಿಡು.”

ಆದ್ರೂ ಎರಡು ವಾರ ಕೊಟ್ರು.

೨. ಅರಿಶಿಣ

ಶುರುವಿಗೆ ಅರಿಶಿಣಾನ ಹರಳೆಣ್ಣೆಯಲ್ಲಿ ಕಲಸಿ ಬೆಕ್ಕಿನ ಭುಜಕ್ಕೆ ಮೆತ್ತಿದೆ. ಸ್ವಲ್ಪ ಹಚ್ಚಿದ್ರೆ ಸಾಕಿತ್ತು. ಕಮ್ಮಿ ಅನ್ನೋದು ನನ್ನ ಜಾಯಮಾನದಲ್ಲೇ ಇಲ್ಲ. ಬೆಕ್ಕು ಅದನ್ನ ಗೋಡೆಗೆ ಒರೆಸಿತು, ಬಾಗಿಲಿಗೆ ಒರೆಸಿತು, ಕೊನೆಗೆ ಸಾವ್ಕಾರ್ರ ಬಿಳೀ ಪಂಚೆಗೆ ಮೈ ಉಜ್ಜಿ ಉಜ್ಜಿ ಒರೆಸಿತು.

ಆಗ ಒಬ್ಬ ಗಿರಾಕಿ ಬಂದ. ಬಾಗಿಲು ನೋಡಿದ, ಪಂಚೆ ನೋಡಿದ. “ಏನ್ ಸಾವ್ಕಾರ್ರೆ, ಮನ್ಯಾಗೆ ಮದ್ವಿ ಇಟ್ಕಂಡು ನಮಗೊಂದು ಮಾತು ಹೇಳಲಿಲ್ಲ?”

“ನನಗೂ ಈಗ್ಲೇ ಗೊತ್ತಾಗಿದ್ದು,” ಅಂತ ಸಾವ್ಕಾರ್ರು ಬೆಕ್ಕಿನ ಕಡೆ ಕೈ ಮಾಡಿದ್ರು. “ಅಗೋ, ಮದುಮಗ.”

ಮದುಮಗ ಮಾತ್ರ ಯಾರಿಗೂ ಮುಖ ಕೊಡೋ ಸ್ಥಿತಿಯಲ್ಲಿರಲಿಲ್ಲ. ಮೈ ಮೇಲಿದ್ದ ಹರಳೆಣ್ಣೆಯನ್ನೆಲ್ಲ ನೆಕ್ಕಿ, ಗಳಿಗೆಗೊಂದು ಸಲ ಹಿತ್ತಲಿಗೆ ಓಡ್ತಿದ್ದ.

೩. ಹಾಲು ಎಷ್ಟು?

ಬೆಕ್ಕು ಸೊರಗಿತು. ನನ್ನ ಜಂಬಾನೂ ಸೊರಗಿತು. ಅದನ್ನ ಬುಟ್ಟಿಯಲ್ಲಿ ಮುಚ್ಚಿಕೊಂಡು ದನದ ಆಸ್ಪತ್ರೆಗೆ ಹೋದೆ. ಆ ಕಾಲಕ್ಕೆ ಅಲ್ಲಿಗೆ ಎತ್ತು, ಎಮ್ಮೆ, ಕುರಿ ಬರ್ತಿದ್ವೇ ಹೊರತು ಬೆಕ್ಕನ್ನ ಹೊತ್ತು ತಂದ ಮೊದಲನೇ ಗಂಡಸು ನಾನೇ. ಕಂಪೌಂಡರ್ ತಲೆ ಎತ್ತದೆ ಪುಸ್ತಕ ತುಂಬ್ತಿದ್ದ.

“ಜಾನುವಾರು ಎಷ್ಟು?”

“ಒಂದು.”

“ದಿನಕ್ಕೆ ಹಾಲು ಎಷ್ಟು?”

“ಪಾವು.”

“ಅಷ್ಟೇನಾ? ಪಾವು ಕೊಡೋ ದನ ಕಟ್ಕೊಂಡು ಏನ್ ಮಾಡ್ತೀಯೋ?”

“ಕೊಡಲ್ರಿ ಸಾಮಿ, ಕುಡಿತೈತೆ.”

ಒಳಗಿದ್ದ ಡಾಕ್ಟ್ರು ನಕ್ಕು ಹೊರಗೆ ಬಂದ್ರು. ಗಾಯದ ಸುತ್ತ ಕೂದಲು ಕತ್ತರಿಸಿ, ಕೀವು ತೆಗೆದು ತೊಳೆದ್ರು. “ಏನೇನು ಹಚ್ಚಿದ್ದಿ?” ಅಂತ ಕೇಳಿದ್ರು. ಹೇಳಿದೆ. ಅವರು ಬೈಯಲಿಲ್ಲ. “ನೋಡಪ್ಪ, ಬೆಕ್ಕಿನ ಚರ್ಮಕ್ಕೆ ಹಚ್ಚಿದ್ದು ಅದರ ಹೊಟ್ಟೆಗೂ ಹೋಗ್ತದೆ, ನೆಕ್ಕದೆ ಬಿಡಲ್ಲ. ಹಚ್ಚೋಕೆ ಮುಂಚೆ, ಇದನ್ನ ಇದಕ್ಕೆ ತಿನ್ನಿಸಬಹುದಾ ಅಂತ ಯೋಚನೆ ಮಾಡು,” ಅಂದ್ರು.

ಆ ಮಾತು ಇವತ್ತಿಗೂ ಮನಸ್ಸಿನಲ್ಲಿ ಕೂತಿದೆ. ಅಲ್ಲೀತನಕ ನಾನು ನೋಡಿದ್ದು ನನ್ನ ಕೈಗುಣ ಮಾತ್ರ. ಬೆಕ್ಕಿಗೂ ಒಂದು ನಾಲಿಗೆ ಐತೆ, ನನ್ನ ಜಂಬ ಎಲ್ಲ ಅದರ ಹೊಟ್ಟೆಗೆ ಇಳೀತೈತೆ ಅಂತ ಹೊಳೆದೇ ಇರಲಿಲ್ಲ.

“ಬೆಚ್ಚಗಿನ ಉಪ್ಪುನೀರಲ್ಲಿ ದಿನಾ ತೊಳಿ, ಮೆತ್ತಗೆ ಒರೆಸಿ ತೆಳ್ಳಗೆ ಜೇನು ಸವರು. ಆದ್ರೆ ನೆಕ್ಕಬಾರ್ದು,” ಅಂತ ಡಾಕ್ಟ್ರು ಒಂದು ಬಟ್ಟಲಿನ ಜೇನಲ್ಲಿ ಹೆಂಗೆ ಸವರಬೇಕು ಅಂತ ತೋರಿಸಿದ್ರು. ನಾನೂ ಬೆರಳು ಅದ್ದಿ ಸವರಿದೆ. ಬೆರಳಲ್ಲಿ ಇನ್ನೂ ಚೂರು ಉಳಿದಿತ್ತು.

“ನೆಕ್ಕಬಾರ್ದು ಅಂದೆ,” ಅಂದ್ರು ಡಾಕ್ಟ್ರು.

“ಬೆಕ್ಕು ನೆಕ್ಕಲಿಲ್ಲವಲ್ರಿ ಸಾಮಿ!”

“ನಿನಗೇ ಹೇಳಿದ್ದು. ಬಾಯಿಂದ ಬೆರಳು ತೆಗಿ.”

೪. ಸೈರನ್

ನೆಕ್ಕದ ಹಾಗೆ ಮಾಡೋಕೆ ನಾಟಕ ಕಂಪನಿಯ ಹಳೇ ಪೋಸ್ಟರಿನ ರಟ್ಟು ತಂದೆ. ಗ್ರಾಮಫೋನಿನ ಕಹಳೆ ಇರುತ್ತಲ್ಲ, ಹಾಗೆ ಸುತ್ತಿ ಬೆಕ್ಕಿನ ಕೊರಳಿಗೆ ಹಾಕಿದೆ. ಇದು ನನ್ನದೇ ಬುದ್ಧಿ. ಆಮೇಲೆ ಪರದೇಶದವರೂ ಇದನ್ನ ಮಾಡಿದ್ರಂತೆ. ನನ್ನನ್ನ ಕೇಳಲಿಲ್ಲ.

ಮಧ್ಯಾಹ್ನ ಬೆಕ್ಕಿಗೆ ಸಿಟ್ಟು ಬಂದು ಒಂದು ಸಲ ‘ಮಿಯಾಂವ್’ ಅಂತು. ಕಹಳೆಯಲ್ಲಿ ಆ ಕೂಗು ನೂರು ಪಟ್ಟಾಯ್ತು. ಉಣ್ಣಾಕೆ ಮನೆಗೆ ಬಂದಿದ್ದ ಹತ್ತಿ ಮಿಲ್ಲಿನ ಕೂಲಿಗಳೆಲ್ಲ ಸೈರನ್ ಆಯ್ತು ಅಂತ ಅರ್ಧ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಓಡಿದ್ರು. ಗೇಟಿಗೆ ಬೀಗ! ಕಾವಲುಗಾರ ಬೀಡಿ ಸೇದ್ತಾ, “ಯಾಕ್ರಪ್ಪ, ಇವತ್ತು ಮನ್ಯಾಗೆ ಸಾರು ಚೆಂದಾಗಿರಲಿಲ್ಲೇನು?” ಅಂದನಂತೆ.

ಇದು ಸುಳ್ಳಾದ್ರೆ ನನ್ನ ಹಲ್ಲು ಉದುರಲಿ ಅಂತ ಆವತ್ತೇ ಆಣೆ ಮಾಡಿದ್ದೆ. ಈಗ ಹಲ್ಲು ಉದುರಿರೋದು ವಯಸ್ಸಿಗೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

೫. ಹೊಳೆಯ ಆಚೆ

ಉಪ್ಪುನೀರು, ಜೇನು. ದಿನಾ ಬೆಳಗ್ಗೆ ಒಲೆ ಹಚ್ಚೋಕೆ ಮುಂಚೆ ಇದೇ ಕೆಲಸ. ಗಾಯ ತೊಳೆಯುವಾಗ ಆತುರ ಪಟ್ರೆ ಬೆಕ್ಕು ಪರಚುತ್ತೆ. ಸುಮ್ಮನೆ ಉಸಿರು ಬಿಗಿಹಿಡಿದು ತೊಳೆದ್ರೆ ಕಣ್ಣು ಮುಚ್ಚಿ ಕೂರುತ್ತೆ. ಜೀವಮಾನದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಆಗ ಮಾತ್ರ. ಹತ್ತು ದಿನಕ್ಕೆ ಗಾಯ ಒಣಗಿ ಹಕ್ಕಳೆ ಕಟ್ಟಿತು. ವಾಯಿದೆ ಮುಗಿಯೋ ಹಿಂದಿನ ದಿನ ಆ ಪುಣ್ಯಾತ್ಮ ಮತ್ತೆ ಜಗಳಕ್ಕೆ ಹೋಗಿ ಹಕ್ಕಳೆ ಕಿತ್ತುಕೊಂಡು ಬಂದ.

“ಮಾತು ಅಂದ್ರೆ ಮಾತು,” ಅಂದ್ರು ಸಾವ್ಕಾರ್ರು. “ಇನ್ನೊಂದು ವಾರ ಕೊಡ್ರಿ,” ಅಂತ ಕೈ ಮುಗಿದೆ. “ಬ್ಯಾಡ, ಗಾಡಿ ಹೂಡು.”

ಗಾಡಿ ತುಂಬ ಮಂಡಕ್ಕಿ ಚೀಲ. ನಡುವೆ ಎರಡು ಸಣ್ಣ ಚೀಲ: ಒಂದರಲ್ಲಿ ಹರಿಹರದ ಅಂಗಡಿಗೆ ತೋರಿಸೋ ಮಾದರಿ ಮಂಡಕ್ಕಿ, ಇನ್ನೊಂದರಲ್ಲಿ ಹೊಟ್ಟೆ ತುಂಬ ಹಾಲು ಕುಡಿದು ಮಲಗಿದ್ದ ಬೆಕ್ಕು. ಅಂಗಡಿಗೆ ಆಮೇಲೆ ಹೋಗೋದು ಅಂತ ಗಾಡಿ ಹರಿಹರ ದಾಟಿತು, ಸೇತುವೆ ದಾಟಿತು. ಆಚೆ ದಡದಲ್ಲಿ ಸಾವ್ಕಾರ್ರು ಇಳಿದು, ಹಿಂದಕ್ಕೆ ತಿರುಗದೆ ಕೈ ಚಾಚಿದ್ರು. ಬೆಕ್ಕು ಬಿಡುವಾಗ ಅದರ ಮುಖ ನೋಡಬಾರದು, ನೋಡಿದ್ರೆ ಹಿಂದೆ ಬರುತ್ತೆ ಅಂತ ಶಾಸ್ತ್ರ.

“ಕೊಡು ಚೀಲ.”

ನನ್ನ ಕೈ ಬೆಕ್ಕಿನ ಚೀಲಕ್ಕೆ ಹೋಯ್ತು. ಬೆಚ್ಚಗಿತ್ತು. ಕೈ ತಾನಾಗಿ ಪಕ್ಕಕ್ಕೆ ಸರಿದು ಮಂಡಕ್ಕಿ ಚೀಲ ಎತ್ತಿ ಕೊಟ್ಟಿತು.

ಸಾವ್ಕಾರ್ರು ಅದನ್ನ ಎದೆಗೆ ಒತ್ತಿಕೊಂಡು ಬೇಲಿ ಹತ್ತಿರ ಹೋದ್ರು. ಬಿಡ್ತಾರೆ ಅಂತ ನೋಡಿದ್ರೆ ಬಿಡ್ತಿಲ್ಲ. ಕಣ್ಣು ಗಟ್ಟಿ ಮುಚ್ಚಿಕೊಂಡು ಮಾತಾಡ್ತಿದಾರೆ!

“ನನ್ನ ಮ್ಯಾಲೆ ಸಿಟ್ಟು ಮಾಡ್ಕಬ್ಯಾಡಪ್ಪ. ಎಷ್ಟು ಹಗುರಾಗೀಯೋ, ಪಾಪ. ಹೊಳ್ಯಾಗೆ ಮೀನು ಅದಾವು, ಹಿಡ್ಕಂಡು ತಿನ್ನು. ನಾಯಿ ಕಂಡ್ರೆ ಮರ ಹತ್ತು. ನಾನು ಪಾಪಿ, ನನ್ನ ಕ್ಷಮಿಸಿ ಬಿಡು.”

ಭುಜ ಅಲುಗಾಡ್ತಿತ್ತು. ಕಣ್ಣು ಮುಚ್ಚಿಕೊಂಡೇ ಚೀಲದ ಬಾಯಿ ಬಿಚ್ಚಿ, ಮೆಲ್ಲಗೆ ಸುರುವಿ, ತಿರುಗಿ ನೋಡದೆ ಬಂದು ಗಾಡಿ ಹತ್ತಿದ್ರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾನು ಕಲ್ಲು ಅಂದುಕೊಂಡಿದ್ದ ಮನುಷ್ಯ ಅವರು.

ಸೇತುವೆಯ ನಡುವೆ ಸಾವ್ಕಾರ್ರು, “ನಿಲ್ಸು,” ಅಂದ್ರು. “ಗಾಯ ಹಸಿ ಐತೆ, ಬಿಟ್ಟು ಬಂದ್ವಲ್ಲೋ. ತಿರುಗ್ಸು ಗಾಡಿ.”

ವಾಪಸ್ ಹೋದ್ವಿ. ಬೇಲಿ ಹತ್ತಿರ ಬೆಳ್ಳಗೆ ಮಂಡಕ್ಕಿ ರಾಶಿ. ಊರಿನ ಗುಬ್ಬಿಗಳೆಲ್ಲ ಅಲ್ಲೇ ಸಂತೆ ನೆರೆದಿದ್ದವು. ಸಾವ್ಕಾರ್ರು ರಾಶಿ ನೋಡಿದ್ರು, ನನ್ನ ನೋಡಿದ್ರು. ಗಾಡಿಯೊಳಗಿಂದ ‘ಮಿಯಾಂವ್’ ಅಂತು.

ಸಾವ್ಕಾರ್ರು ಗಾಡಿ ಹತ್ತಿದ್ರು. ಚೀಲ ಬಿಚ್ಚಿ ಬೆಕ್ಕನ್ನ ತೊಡೆ ಮೇಲೆ ಕೂರಿಸಿಕೊಂಡ್ರು. ಗಾಡಿ ಮತ್ತೆ ಸೇತುವೆ ಹತ್ತಿತು. ಆಮೇಲೆ ಮೆಲ್ಲಗೆ, “ಅಲ್ಲಲೇ, ನಾನು ಅಷ್ಟೊತ್ತು ಅತ್ತು ಕ್ಷಮೆ ಕೇಳಿದ್ದು ಮಂಡಕ್ಕಿನಾ?” ಅಂದ್ರು.

“ಇರ್ಲಿ ಬಿಡ್ರಿ ಸಾವ್ಕಾರ್ರೆ,” ಅಂದೆ. “ದಿನಾ ಅದನ್ನ ಮೂಟೆಗಟ್ಲೆ ಬೆಂಕಿ ಮ್ಯಾಲೆ ಹುರಿತೀವಿ. ಯಾರಾದ್ರೂ ಒಂದು ಸಲ ಕೇಳಬೇಕಿತ್ತು.”