ಕೆರೆಯಲ್ಲಿ ಕಂಡ ನೀಲಿ ಹಕ್ಕಿ

ಆ ಭಾನುವಾರ ಬೆಳಗ್ಗೆ ಕನ್ನಡಕದಂಗಡಿಯ ಯಜಮಾನರು ತಮ್ಮ ಕನ್ನಡಕದ ಮೇಲೆ ತಾವೇ ಕೂತರು. ಕಟಕ್ ಎಂದು ಸದ್ದಾಯಿತು. ತಟ್ಟನೆ ಎದ್ದು ನೋಡಿದರು. ನೋಡಿದರೇನು ಬಂತು, ಏನೂ ಕಾಣಲಿಲ್ಲ. ತಡಕಾಡಿದಾಗ ಒಂದು ಕಡ್ಡಿ ಹಾಸಿಗೆಯ ಈಚೆ ಸಿಕ್ಕಿತು, ಇನ್ನೊಂದು ಆಚೆ. ನಡುವೆ ಇದ್ದದ್ದು ಗಾಜಿನ ಚೂರು.

ಅಂಗಡಿಯಲ್ಲಿ ಬೇಕಾದಷ್ಟು ಕನ್ನಡಕಗಳಿದ್ದವು. ಆದರೆ ಅಂಗಡಿಯ ಬೀಗದ ಕೈ ಎಲ್ಲಿಟ್ಟಿದ್ದೇನೆಂದು ಹುಡುಕಬೇಕಾದರೆ ಕನ್ನಡಕ ಬೇಕಿತ್ತು. ಬೀಗದ ಕೈ ಮುಟ್ಟಿಯೇ ಎಷ್ಟೋ ದಿನವಾಗಿತ್ತು. ಅದಕ್ಕೆ ಕಾರಣ ಕೆರೆ.

ಬೀದಿಯ ಹಿಂದೆ ಒಂದು ಕೆರೆಯಿತ್ತು. ಹಿಂದೆ ಅದನ್ನು ಕೆರೆಯೆಂದು ಕರೆಯಲು ದೊಡ್ಡ ಮನಸ್ಸು ಬೇಕಾಗುತ್ತಿತ್ತು. ಹರಿದ ಹಾಸಿಗೆ, ಮುರಿದ ಕಮೋಡು, ಯಾರದೋ ಸೋಫಾ, ಎಲ್ಲವೂ ಅದರಲ್ಲಿ ಸಂಸಾರ ಹೂಡಿದ್ದವು. ನಿವೃತ್ತ ಹೆಡ್ ಮೇಡಂ ಒಬ್ಬರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಬೆಳಗ್ಗೆ ನೀರಿಗಿಳಿದರು. ನಾಚಿಕೆಗೆ ಬೀದಿಯ ಗಂಡಸರೂ ಇಳಿದರು. ಹಾಗೆ ಹುಟ್ಟಿದ್ದು ಕೆರೆ ಬಳಗ. ಈಗ ನೀರು ತಿಳಿಯಾಗಿತ್ತು, ದಂಡೆಗೆ ನೆರಳಿತ್ತು. ದಂಡೆಯ ಮೇಲಿನ ಕೋಣೆಯಲ್ಲಿ ಗುದ್ದಲಿ, ಏಣಿ, ಹಗ್ಗ, ಗರಗಸಗಳಿದ್ದವು. ಬೀದಿಯವರು ಯಾರು ಬೇಕಾದರೂ ಒಯ್ದು ಕೆಲಸ ಮುಗಿಸಿ ವಾಪಸಿಡಬಹುದಿತ್ತು. ಪಕ್ಕದಲ್ಲೇ ಬೀಜ ಕೊಟ್ಟು ಬೀಜ ಪಡೆಯುವ ಕಪಾಟು. ಅಡುಗೆಮನೆಯ ಸಿಪ್ಪೆಯೆಲ್ಲ ಗೊಬ್ಬರವಾಗಿ ದಂಡೆಯ ಗಿಡಗಳಿಗೆ ಹೋಗುತ್ತಿತ್ತು. ನೆಂಟರು ಬಂದರೆ ಆ ಬೀದಿಯವರು ಕಾಫಿಗಿಂತ ಮೊದಲು ಕೆರೆ ತೋರಿಸುತ್ತಿದ್ದರು.

ಇಂಥ ಕೆರೆಯ ಅರ್ಧಕ್ಕೆ ಮಣ್ಣು ತುಂಬಿಸಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಊರಿನ ಆಡಳಿತಕ್ಕೆ ಬುದ್ಧಿ ಹುಟ್ಟಿತ್ತು. ಅಂದು ಸಂಜೆ ಎಂಜಿನಿಯರು ನೋಡಲು ಬರುವವರಿದ್ದರು. ಅವರು ಬರುವಷ್ಟರಲ್ಲಿ ಕೆರೆ ಮದುಮಗಳ ಹಾಗೆ ಕಾಣಬೇಕೆಂದು ಕನ್ನಡಕದವರು ಅಂಗಡಿಗೆ ಬೀಗ ಹಾಕಿ ದಂಡೆಯಲ್ಲೇ ಬೀಡುಬಿಟ್ಟಿದ್ದರು.

"ಕೆರೆಗೆ ಬಾಯಿಲ್ಲ. ಹಕ್ಕಿಗಳೇ ಅದರ ಪರವಾಗಿ ಸಾಕ್ಷಿ ಹೇಳ್ಬೇಕು. ಬೆಳಗ್ಗೆ ಎಲ್ರೂ ಬಂದು ಯಾವ್ಯಾವ ಹಕ್ಕಿ ಇದೆ ನೋಡಿ ಹೇಳಿ" ಎಂದು ಹೆಡ್ ಮೇಡಂ ಹಿಂದಿನ ದಿನವೇ ಅಪ್ಪಣೆ ಮಾಡಿದ್ದರು. ಅವರು ಅಪ್ಪಣೆ ಮಾಡಿದರೆ ಬೀದಿಯ ಅಜ್ಜಂದಿರೂ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು.

ಕನ್ನಡಕದವರು ಗೋಡೆ ಹಿಡಿದುಕೊಂಡು ಕೆರೆಗೆ ಹೋದರು. ಕನ್ನಡಕ ಒಡೆದಿದೆ ಎಂದು ಹೇಳಿಬಿಡಬಹುದಿತ್ತು. ಆದರೆ ಹೇಗೆ ಹೇಳುವುದು? ಬಟ್ಟೆಯಂಗಡಿಯವನು ಬರಿ ಮೈಯಲ್ಲಿ ಬಂದ ಹಾಗಾಗುತ್ತದೆ.

"ಕನ್ನಡಕ ಎಲ್ಲಣ್ಣ?" ಎಂದ ಬೀದಿಯ ಕ್ಷೌರಿಕ. ಅವನ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ, ಬಾಯಲ್ಲಿ ನಿಲ್ಲುವುದಂತೂ ಏನೂ ಇರಲಿಲ್ಲ.

"ದೂರದ್ದು ನನಗೆ ಹಾಗೇ ಚೆನ್ನಾಗಿ ಕಾಣುತ್ತೆ" ಎಂದರು ಕನ್ನಡಕದವರು.

ಹೆಡ್ ಮೇಡಂ ಅವರನ್ನು ಜೊಂಡಿನ ಮೂಲೆಗೆ ಕಾವಲು ಹಾಕಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಕೊಕ್ಕರೆ ಎಂದು ಕೂಗು ಬಂತು, ಈ ಕಡೆಯಿಂದ ನೀರುಕಾಗೆ ಎಂದು. ಕ್ಷೌರಿಕನಿಗೆ ಮಿಂಚುಳ್ಳಿ ಸಿಕ್ಕಿತು. ಕನ್ನಡಕದವರಿಗೆ ಮಾತ್ರ ಕೆರೆಯೆಲ್ಲ ಒಂದೇ ಬಣ್ಣದ ಗಂಜಿಯಾಗಿ ಕಾಣುತ್ತಿತ್ತು. ಬಳಗದ ಮೊದಲ ಸಾಲಿನ ಮನುಷ್ಯ ಬರಿಗೈಯಲ್ಲಿ ಹೋಗುವುದೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗ ಜೊಂಡಿನ ನಡುವೆ ಏನೋ ಅಲುಗಿತು. ನೀಲಿ. ಅಚ್ಚ ನೀಲಿ. ಮೇಲೊಂದು ಕೆಂಪು ಜುಟ್ಟು.

"ಮೇಡಂ, ನೀಲಿ ಹಕ್ಕಿ" ಎಂದು ಕೂಗಿದರು.

"ಮಿಂಚುಳ್ಳಿ ಇರ್ಬೇಕು" ಎಂದರು ಮೇಡಂ ಆ ದಂಡೆಯಿಂದ.

"ಇಲ್ಲ ಮೇಡಂ, ಒಳ್ಳೇ ಕೋಳಿ ಗಾತ್ರ ಇದೆ. ಬಾಲ ಉದ್ದ. ಗಾಳಿಗೆ ಪಟಪಟ ಅಂತಿದೆ."

ಮೇಡಂ ಓಡಿ ಬರುವಷ್ಟರಲ್ಲಿ ಗಾಳಿ ತಿರುಗಿ ಜೊಂಡು ಮುಚ್ಚಿಕೊಂಡಿತು. ಆದರೆ ಕ್ಷೌರಿಕನ ಫೋನು ತೆರೆದುಕೊಂಡಿತ್ತು. ಮನೆಗೆ ಹೋಗುವ ದಾರಿಯಲ್ಲೇ ಹಕ್ಕಿ ಕೋಳಿ ಗಾತ್ರ ಬಿಟ್ಟು ನವಿಲಿನ ಗಾತ್ರಕ್ಕೆ ಬೆಳೆದಿತ್ತು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬಡಾವಣೆಯ ಹಕ್ಕಿ ನೋಡುವ ಬಳಗದವರು ದುರ್ಬೀನು ಹಿಡಿದು ಹೊರಟ ಸುದ್ದಿ ಬಂತು. ಹಕ್ಕಿಗಳ ವಿಷಯದಲ್ಲಿ ತಲೆ ನರೆಸಿಕೊಂಡ ಪ್ರೊಫೆಸರೊಬ್ಬರು ಊಟ ಅರ್ಧಕ್ಕೆ ಬಿಟ್ಟು ಎದ್ದರಂತೆ.

ಬೀದಿಯಲ್ಲಿ ಸಿಕ್ಕಿದವರೆಲ್ಲ ಕನ್ನಡಕದವರ ಕೈ ಕುಲುಕಿದರು. ಅವರ ಎದೆ ಉಬ್ಬಿತು. ಉಬ್ಬಿದ ಎದೆಯೊಳಗೆ ಒಂದು ಸಣ್ಣ ಸಂಶಯವೂ ಕೂತಿತ್ತು. ಯಾವ ಹಕ್ಕಿಯ ಬಾಲ ಪಟಪಟ ಅನ್ನುತ್ತದೆ? ಅವರು ಮನೆಗೆ ಹೋಗಿ ಅತ್ತೆಯ ಮುಂದೆ ನಿಂತರು.

"ಅತ್ತೆ, ನಿಮ್ಮ ದೂರದ ಕನ್ನಡಕ ಒಂದು ಗಳಿಗೆ ಕೊಡ್ತೀರಾ?"

"ಅಂಗಡಿ ತುಂಬ ಕನ್ನಡಕ ಇಟ್ಕೊಂಡು ನನ್ನದಕ್ಕೆ ಯಾಕೆ ಕಣ್ಣು ಹಾಕ್ತೀರಾ ಅಳಿಯಂದ್ರೆ?" ಎಂದರು ಅತ್ತೆ. ಆಮೇಲೆ ಕೊಟ್ಟರು. "ನನ್ನ ಧಾರಾವಾಹಿ ಶುರುವಾಗೋದ್ರೊಳಗೆ ವಾಪಸ್ ಬರ್ಬೇಕು."

ಗುಲಾಬಿ ಬಣ್ಣದ, ಬೆಕ್ಕಿನ ಕಣ್ಣಿನ ಆಕಾರದ ಕನ್ನಡಕ. ಕಡ್ಡಿಗೆ ಮಣಿಸರ. ಅದನ್ನೇರಿಸಿಕೊಂಡು ಕನ್ನಡಕದವರು ಹಿತ್ತಲ ದಾರಿಯಿಂದ ಕೆರೆಗೆ ಹೋದರು. ಜೊಂಡಿನ ಕಡೆ ನೋಡಿದರು.

ಅದು ಪ್ಲಾಸ್ಟಿಕ್ ಚೀಲ. ನೀಲಿ ಚೀಲ, ಕೆಂಪು ಹಿಡಿ. ಅದರ ಮೇಲೆ ಒಂದು ಕನ್ನಡಕದ ಚಿತ್ರ. ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ, 'ನಮ್ಮಲ್ಲಿಗೆ ಬನ್ನಿ, ಲೋಕ ನೋಡಿ.' ಬಳಗ ಹುಟ್ಟುವ ಮೊದಲು ಅವರದೇ ಅಂಗಡಿಯಲ್ಲಿ ಕೊಡುತ್ತಿದ್ದ ಚೀಲ.

ಊರಿಗೆಲ್ಲ ಬಟ್ಟೆ ಚೀಲದ ಉಪದೇಶ ಮಾಡಿದ್ದ ಮನುಷ್ಯ ಅವರು. ಎಂಜಿನಿಯರು ಬಂದು, 'ಇದೇನಾ ನಿಮ್ಮ ಅಪರೂಪದ ಹಕ್ಕಿ?' ಎಂದರೆ ಕೆರೆಯ ಕತೆ ಅಲ್ಲಿಗೆ ಮುಗಿಯಿತು. ಅವರು ಹಿಂದೆಮುಂದೆ ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು.

ಚೀಲವೇನೋ ಕೈಗೆ ಸಿಕ್ಕಿತು. ಮುದುರಿ ಅಂಗಿಯೊಳಗೆ ತುರುಕಿಕೊಂಡರು. ತಿರುಗಬೇಕೆಂದರೆ ಕಾಲು ಬರಲಿಲ್ಲ. ಹೂಳು ಸಾಲಗಾರನನ್ನು ಹಿಡಿದ ಹಾಗೆ ಮೊಣಕಾಲಿನವರೆಗೆ ಹಿಡಿದಿತ್ತು. ಒಂದು ಕಾಲು ಎತ್ತಿದರೆ ಇನ್ನೊಂದು ಇಳಿಯುತ್ತಿತ್ತು. ಅಷ್ಟರಲ್ಲಿ ದಂಡೆಯ ಮೇಲೆ ಜನರ ಸದ್ದು ಕೇಳಿಸಿತು.

"ಯಾರ್ರೀ ಅದು, ಹಕ್ಕಿ ಇರೋ ಜಾಗಕ್ಕೇ ನುಗ್ಗಿರೋದು?" ಎಂದು ಪ್ರೊಫೆಸರು ಸಿಟ್ಟಿನಿಂದ ಕೂಗಿದರು.

"ಅವರೇ ಸರ್ ಹಕ್ಕಿ ನೋಡಿದ್ದು. ಹಕ್ಕಿಗೆ ಗುರುತು ಸಿಗಬಾರ್ದು ಅಂತ ಹೆಂಗಸರ ಕನ್ನಡಕ ಹಾಕ್ಕೊಂಡು ಹೋಗಿದಾರೆ. ಎಂಥಾ ಶ್ರದ್ಧೆ ನೋಡಿ" ಎಂದ ಕ್ಷೌರಿಕ, ಹೆಮ್ಮೆಯಿಂದ.

ಬಳಗದ ಕೋಣೆಯಿಂದ ಹಗ್ಗ ಬಂತು. ಬೀದಿಯವರೂ ಪಕ್ಕದ ಬಡಾವಣೆಯವರೂ ಸೇರಿ ಎಳೆದರು. ಕನ್ನಡಕದವರು ಬಾಟಲಿಯಿಂದ ಬಿರಡೆ ಕಿತ್ತ ಹಾಗೆ ಪುಳಕ್ ಎಂದು ಬಂದು ದಂಡೆಗೆ ಬಿದ್ದರು. ಚಪ್ಪಲಿ ಮಾತ್ರ ಕೆರೆಗೆ ಕಾಣಿಕೆಯಾಯಿತು. ಕೆಸರು ಒರೆಸಿಕೊಂಡು ತಲೆಯೆತ್ತಿದರೆ ಎದುರಿಗೆ ಇಸ್ತ್ರಿ ಮಾಡಿದ ಪ್ಯಾಂಟು, ಪ್ಯಾಂಟಿನೊಳಗೆ ಎಂಜಿನಿಯರು.

"ಎಲ್ಲಿ ನಿಮ್ಮ ಹಕ್ಕಿ?" ಎಂದರು ಎಂಜಿನಿಯರು. ಮನೆ ತಲುಪುವ ಅವಸರದ ದನಿ.

ಸುಳ್ಳು ಹೇಳಿ ಅಭ್ಯಾಸವಿದ್ದ ಮನುಷ್ಯನಲ್ಲ ಕನ್ನಡಕದವರು. ಆದರೆ ಸುತ್ತ ನಿಂತವರ ಮುಖ ನೋಡಿದರು. ಗೊಬ್ಬರ ಹೊತ್ತವರು, ಸೋಫಾ ಎತ್ತಿದವರು, ಬೀಜ ಕೊಟ್ಟವರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಹಾರಿ ಹೋಯ್ತು ಸರ್."

"ಯಾವ ಕಡೆ?"

ಅತ್ತೆಯ ಕನ್ನಡಕಕ್ಕೆ ಕೆಸರು ಮೆತ್ತಿತ್ತು. ಕೈ ತನ್ನಷ್ಟಕ್ಕೆ ಮೇಲೆದ್ದು ಯಾವುದೋ ದಿಕ್ಕು ತೋರಿಸಿತು. ಪ್ರೊಫೆಸರು ಆ ದಿಕ್ಕಿಗೆ ಓಡಿದರು. ಅವರ ಹಿಂದೆ ದುರ್ಬೀನುಗಳು, ಕ್ಯಾಮೆರಾಗಳು, ಕೊನೆಗೆ ಎಂಜಿನಿಯರೂ. ಕನ್ನಡಕದವರು ಅತ್ತೆಯ ಕನ್ನಡಕ ಒರೆಸಿಕೊಂಡು ಬರಿಗಾಲಲ್ಲಿ ಕುಂಟುತ್ತ ಹಿಂಬಾಲಿಸಿದರು. ಏನೂ ಸಿಗದೆ ಜನ ಸುಸ್ತಾಗಿ ಮನೆಗೆ ಹೋದರೆ ಸಾಕೆಂದು ಒಂದೇ ಸಮನೆ ಬೇಡಿಕೊಳ್ಳುತ್ತಿದ್ದರು.

ಜನ ಮನೆಗೆ ಹೋಗಲಿಲ್ಲ. ಬೀದಿಯ ನಡುವೆ, ಕನ್ನಡಕದಂಗಡಿಯ ಎದುರಿಗೆ, ಉಸಿರು ಬಿಗಿಹಿಡಿದು ನಿಂತುಬಿಟ್ಟಿದ್ದರು.

ಅಂಗಡಿಯ ನೆತ್ತಿಯ ಮೇಲೆ ತಗಡಿನಲ್ಲಿ ಮಾಡಿಸಿದ ಆಳೆತ್ತರದ ಕನ್ನಡಕವೊಂದಿತ್ತು. ಒಳಗೆ ದೀಪ ಹಾಕಲು ಟೊಳ್ಳು ಬಿಟ್ಟಿದ್ದರು. ಅದರ ಬಲಗಣ್ಣಿನ ಗಾಜು ಬಿದ್ದುಹೋಗಿದ್ದರೂ ಕೆರೆಯ ಗಡಿಬಿಡಿಯಲ್ಲಿ ಹಾಕಿಸಿರಲಿಲ್ಲ. ಆ ದುಂಡನೆಯ ತೂತಿನಲ್ಲಿ ಈಗ ಒಂದು ಮುಖವಿತ್ತು. ಬೆಳ್ಳಗೆ, ವೀಳ್ಯದೆಲೆಯ ಆಕಾರದ ಮುಖ. ನಡುವೆ ಎರಡು ಕಪ್ಪು ಕಣ್ಣು. ಬೀದಿಯವರೆಲ್ಲ ಕಣ್ಣಿನ ಪರೀಕ್ಷೆಗೆ ಬಂದಿದ್ದಾರೋ ಎಂಬಂತೆ ಅದು ಒಬ್ಬೊಬ್ಬರನ್ನೇ ದಿಟ್ಟಿಸುತ್ತಿತ್ತು.

"ಕಣಜದ ಗೂಬೆ" ಎಂದರು ಪ್ರೊಫೆಸರು ಪಿಸುದನಿಯಲ್ಲಿ. ಏಣಿ ತರಿಸಿ, ಪಕ್ಕದ ಮಹಡಿಯಿಂದ ಇಣುಕಿ ಬಂದು ಮುಖವರಳಿಸಿದರು. "ಜೋಡಿ ಇದೆ. ಮೊಟ್ಟೆ ಇಟ್ಟಿವೆ. ಹೀಗೆ ಕನ್ನಡಕದೊಳಗೆ ಇದು ಗೂಡು ಮಾಡಿದ್ದು ನಾನು ನೋಡಿರಲಿಲ್ಲ. ಕೆರೆ ದಂಡೆ ಇಲಿ ತಿಂದ್ಕೊಂಡು ಬದುಕ್ತಿವೆ. ಆ ಕೆರೆ ಇಲ್ಲದಿದ್ರೆ ಇವು ಇಲ್ಲ."

ಎಂಜಿನಿಯರು ಅಲುಗಾಡದೆ ನಿಂತಿದ್ದರು. ಗೂಬೆ ಅವರನ್ನು ನೋಡಿ ಕತ್ತು ಓರೆ ಮಾಡಿತು. ಅವರೂ ತಮಗರಿವಿಲ್ಲದೆ ಕತ್ತು ಓರೆ ಮಾಡಿದರು.

"ಚಿಕ್ಕಂದಿನಲ್ಲಿ ಪುಸ್ತಕದಲ್ಲಿ ನೋಡಿದ್ದೆ" ಎಂದರು. ಆ ಅವಸರದ ದನಿ ಎಲ್ಲಿಗೋ ಹೋಗಿತ್ತು. "ಈ ಹಕ್ಕಿ ಇಲ್ಲಿರೋವರೆಗೆ ನಿಮ್ಮ ಕೆರೆಗೆ ಒಂದು ಬುಟ್ಟಿ ಮಣ್ಣು ಬೀಳಲ್ಲ. ನಾನೇ ನಿಂತು ನೋಡ್ಕೋತೀನಿ."

ಬೀದಿ ಕುಣಿದಾಡಬೇಕಾದ ಗಳಿಗೆ. ಆದರೆ ಪ್ರೊಫೆಸರು ತುಟಿಗೆ ಬೆರಳಿಟ್ಟರು. ಜನ ಸದ್ದಿಲ್ಲದೆ ಕುಣಿದರು, ಅಂಗೈ ತಾಗಿಸದೆ ಚಪ್ಪಾಳೆ ಹೊಡೆದರು. ಕ್ಷೌರಿಕ ಅತ್ತುಬಿಟ್ಟ, ಅದೂ ಮೆಲ್ಲಗೆ. ಯಾರೋ ಕನ್ನಡಕದವರನ್ನು ಕೆಸರು ಸಮೇತ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಆ ಎತ್ತರದಿಂದ ಅವರಿಗೆ ಗೂಬೆಯೂ ಬೀದಿಯೂ ಆಚೆಗೆ ಹೊಳೆಯುವ ಕೆರೆಯೂ ಕಂಡವು. ಜನ್ಮ ಸಾರ್ಥಕವೆನಿಸಿತು.

ಕೆಳಗಿಳಿದ ಮೇಲೆ ನೆನಪಾಗಿ, "ಹಾಗಾದ್ರೆ ನಾಳೆ ಅಂಗಡಿ ಬಾಗಿಲು ತೆಗೀಬೇಕು. ಬಹಳ ದಿನ ಆಯ್ತು" ಎಂದರು.

ಬೀದಿಗೆ ಬೀದಿಯೇ ಅವರತ್ತ ತಿರುಗಿತು.

"ಶಟರ್ ಎತ್ತಿದ್ರೆ ಗುಡುಗಿದ ಹಾಗಾಗುತ್ತಲ್ರೀ. ಅದರ ಸುರುಳಿ ಗೂಡಿನ ಬೆನ್ನಿಗೇ ಇದೆ. ಒಂದೇ ಸಲಕ್ಕೆ ಗೂಡು ಬಿಟ್ಟು ಹೋಗ್ತವೆ" ಎಂದರು ಪ್ರೊಫೆಸರು. "ನೀವು ಅಂಗಡಿ ಮುಚ್ಚಿದ್ರಿಂದಲೇ ಅವು ಬಂದಿರೋದು."

"ಗೂಬೆ ಹೋದ್ರೆ ನನ್ನ ಮಾತೂ ಹೋಯ್ತು ಅಂತ್ಲೇ" ಎಂದರು ಎಂಜಿನಿಯರು.

"ಅಲ್ಲ ಸರ್, ನನಗೂ ಹೊಟ್ಟೆಪಾಡು..." ಎಂದು ಕನ್ನಡಕದವರು ಬಾಯಿ ತೆರೆದರು. ಹೆಡ್ ಮೇಡಂ ಹತ್ತಿರ ಬಂದು ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿದರು, "ನಿಮ್ಮ ಅಂಗಿ ಗುಂಡಿ ಸಂದಿಯಿಂದ ನೀಲಿ ಹಕ್ಕಿ ಬಾಲ ಕಾಣ್ತಿದೆ. ಒಳಗೆ ತಳ್ಳಿಕೊಳ್ಳಿ."

ಕನ್ನಡಕದವರು ತಳ್ಳಿಕೊಂಡರು. ತೆರೆದ ಬಾಯನ್ನೂ ಮುಚ್ಚಿಕೊಂಡರು. ಮತ್ತೆ ತೆರೆದಾಗ, "ಅಂಗಡಿ ಏನು ಮಹಾ. ಮುಚ್ಚೇ ಇರಲಿ" ಎಂಬ ಮಾತು ಬಂತು.

ಅತ್ತೆ ಕನ್ನಡಕ ಹುಡುಕುತ್ತ ಬಂದವರು ಎಲ್ಲವನ್ನೂ ಕೇಳಿ ನಿಂತಿದ್ದರು. "ಮರಿ ದೊಡ್ಡವಾಗಿ ಹಾರಿ ಹೋದ ಮೇಲಾದ್ರೂ ನಮ್ಮ ಅಳಿಯಂದ್ರು ದುಡಿಯೋಕೆ ಹೋಗ್ಬಹುದೋ?" ಎಂದು ಪ್ರೊಫೆಸರನ್ನು ಕೇಳಿದರು.

"ಧಾರಾಳವಾಗಿ. ಆದರೆ ಜಾಗ ಹಿಡಿಸಿದ್ರೆ ಇವು ಮತ್ತೆ ಮತ್ತೆ ಅಲ್ಲಿಗೇ ಬರ್ತವೆ ಅಮ್ಮ. ಒಳ್ಳೇ ಇಲಿ ಸಿಕ್ಕಿದ್ರೆ ವರ್ಷಕ್ಕೆ ಎರಡು ಸಲ."

"ಗೂಬೆ ಕೂರಿಸೋದು ಅಂತ ಕೇಳಿದ್ದೆ. ಕೂತಿದ್ದನ್ನ ಇವತ್ತೇ ನೋಡಿದ್ದು" ಎಂದರು ಅತ್ತೆ. ಅಳಿಯನ ಮೂಗಿನ ಮೇಲಿಂದ ತಮ್ಮ ಕನ್ನಡಕ ಕಿತ್ತುಕೊಂಡು, ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಧಾರಾವಾಹಿ ಮರೆತು ಗೂಬೆಯನ್ನೇ ನೋಡುತ್ತ ನಿಂತರು.

ಮರುದಿನ ಬೆಳಗ್ಗೆ ದೂರದಿಂದ ಒಬ್ಬ ಗಿರಾಕಿ ಬಂದ. ಮುಚ್ಚಿದ ಶಟರಿನ ಮುಂದೆ ಕುರ್ಚಿ ಹಾಕಿಕೊಂಡು ಅಂಗಡಿಯ ಯಜಮಾನರೇ ಕಾವಲು ಕೂತಿದ್ದರು.

"ಸ್ವಾಮಿ, ಕನ್ನಡಕ..."

"ಶ್" ಎಂದರು ಅವರು. "ಮೆಲ್ಲಗೆ ಮಾತಾಡಿ. ಮೇಲೆ ಬಾಣಂತನ ನಡೀತಿದೆ."

"ಹಾಗಾದ್ರೆ ನಾನು ಎಲ್ಲಿಗೆ ಹೋಗ್ಲಿ?"

ಕೆರೆಯಾಚೆ ಇನ್ನೊಂದು ಕನ್ನಡಕದಂಗಡಿಯಿತ್ತು. ಅದರ ಹೆಸರೆತ್ತಿದರೆ ಇವರಿಗೆ ಅನ್ನ ಸೇರುತ್ತಿರಲಿಲ್ಲ. ಆದರೂ ಎದ್ದು ನಿಂತು, ಸ್ವಂತ ಮನೆಯ ಅಂಗಳ ತೋರಿಸುವವರ ಹಾಗೆ ಕೈ ಚಾಚಿ ದಾರಿ ತೋರಿಸಿದರು.

"ಆಚೆ ಬೀದೀಲಿ ಒಬ್ಬ ಇದಾನೆ, ಅವನ ಹತ್ರ ಹೋಗಿ. ರಸ್ತೆ ಮೇಲೆ ಹೋಗ್ಬೇಡಿ, ಕೆರೆ ದಂಡೆ ಹಿಡ್ಕೊಂಡು ಹೋಗಿ. ಇಂಥಾ ಕೆರೆ ನಿಮಗೆ ಬೇರೆಲ್ಲೂ ಸಿಗಲ್ಲ."