ಬೇಕು ಅನ್ನೋದಕ್ಕ ಸ್ಪೇನಿನವರ ಮಾತು

ಹಂಪಿ ಬಜಾರದಾಗ ಚಾದಂಗಡಿ ಇಟ್ಟವಗ ನಗೋಕ ಬ್ಯಾರೆ ಕಡೆ ಹೋಗೋದು ಬ್ಯಾಡ, ದಿನಾ ಒಂದಿಲ್ಲೊಂದು ಅಂಗಡಿಗೇ ಬರ್ತತಿ. ಆದ್ರ ಆಗ ನನ್ನ ಅಂಗಡೀನೇ ಉಳಿಯೋ ಹಂಗಿರಲಿಲ್ಲ. ಸಂಡೂರ ಕಡೆ ಅದಿರು ಲಾರಿ ಭರಾಟೆ. ನನ್ನ ಹೆಂಡತಿ ಅಣ್ಣಂದೂ ಒಂದು ಲಾರಿ.

"ಈ ಸೀಜನ್ ನೋಡ್ತೀನ್ರಿ. ಗಿರಾಕಿ ಬರಲಿಲ್ಲಂದ್ರ ಅಂಗಡಿ ಮುಚ್ಚಿ ಅಣ್ಣನ ಲಾರಿ ಹತ್ರಿ" ಅಂದ್ಲು ಹೆಂಡತಿ.

"ಬಾಯಿದ್ದವ ಬರಗಾಲದಾಗೂ ಬದುಕ್ಯಾನು. ಫಾರಿನ್ ಮಂದಿ ಭಾಷಾ ಕಲ್ತು ಅಂಗಡಿ ತುಂಬಿಸ್ತೀನಿ, ನೋಡ್ತಿರು" ಅಂದೆ.

ಪಾಠ

ಸ್ಪೇನಿನವ ಒಬ್ಬ ಚಾ ಕುಡೀತಾ ಕಲಿಸಿದ. ಚಾಕ್ಕ ‘ತೆ’, ಬೇಕು ಅನ್ನೋಕ ‘ಕಿಯೆರೊ’. ನನಗ ಬೇಕಂದ್ರ ಒಂದು ರೂಪ, ನಿನಗ ಬೇಕಂದ್ರ ಇನ್ನೊಂದು ಅಂದ. ನಮ್ಮ ಬೇಕು ಯಾರಿಗಾದ್ರೂ ಬೇಕೇ, ಹಂಗಾಗಿ ಅದನ್ನ ಬಿಟ್ಟೆ. ಅದರ ಮ್ಯಾಲ ಅಂವ ‘ಕಿಯೆರೊ ತೆ’ ಅಂತಿದ್ದ. ‘ಬೇಕು ಚಾ’ ಅಂತ ಯಾರಾದ್ರೂ ಅಂತಾರೇನ್ರಿ? ‘ತೆ ಕಿಯೆರೊ’ ಅಂತ ನಾನೇ ತಿದ್ದಿದೆ. ಅಂವ ಹೊಟ್ಟಿ ಹಿಡ್ಕೊಂಡು ನಕ್ಕು, "ಹಿಂಗೇ ಅನ್ನು, ಬದಲಾಯಿಸಬ್ಯಾಡ" ಅಂತ ಹೇಳಿ ಗೋವಾಕ್ಕ ಹೋದ.

ಪ್ರಯೋಗ

ಮರುದಿನ ಸ್ಪೇನಿನ ಅಜ್ಜಿ ಒಬ್ರು ಹಾದು ಹೊಂಟಿದ್ರು. "ತೆ ಕಿಯೆರೊ?" ಅಂತ ಕೂಗಿದೆ. ಅಜ್ಜಿ ಎದಿ ಮ್ಯಾಲ ಕೈ ಇಟ್ಕೊಂಡು ನಿಂತ್ರು, ಆಮ್ಯಾಲ ಒಳಗ ಬಂದು ಎರಡು ಕಪ್ ಕುಡಿದ್ರು. ಸಂಜಿಗೆ ಗೆಳತ್ಯಾರನ್ನೂ ಕರ್ಕೊಂಡು ಬಂದ್ರು.

ಆಮ್ಯಾಲೊಬ್ಬ ದೊಡ್ಡ ಮೀಸಿ ಮನುಷ್ಯ ಹೆಂಡತಿ ಜೊತಿ ಬಂದ. ಅವಗೂ ಅಂದೆ. ಅಂವ ನನ್ನ ದುರುಗುಟ್ಟಿ ನೋಡಿದ, ಹೆಂಡತಿ ನಕ್ಕದ್ದಕ್ಕ ತಾನೂ ನಕ್ಕು ನನ್ನ ತಬ್ಬಿಕೊಂಡ. ವಾರದಾಗ ಬೆಂಚು ಸಾಲದಂಗಾತು. ಭಾಷಾ ಅಂದ್ರ ಇದಪ್ಪ ಅಂತ ಮೀಸಿ ತಿರುವಿದೆ.

ಅರ್ಥ

ಹೆಂಡತಿ ಬುತ್ತಿ ತಂದಾಗ ಅಂಗಡಿ ತುಂಬಿತ್ತು. ಆ ಅಜ್ಜಿ ಅಕಿ ಕಡೆ ಕೈ ಮಾಡಿ ಇಂಗ್ಲಿಷಿನಾಗ ಕೇಳಿದ್ರು: "ಇವರಿಗೂ ದಿನಾ ಹಂಗ ಅಂತೀಯೇನಪ್ಪ?"

"ಹೆಂಗ?"

"ನಿನ್ನ ಪ್ರೀತಿಸ್ತೀನಿ ಅಂತ."

ಅವರ ಭಾಷಾದಾಗ ಬೇಕು ಅನ್ನೋ ಆ ಕ್ರಿಯಾಪದಕ್ಕ ಪ್ರೀತಿಸು ಅಂತನೂ ಅರ್ಥ ಐತಂತ. ‘ತೆ’ ಕಿಯೆರೊ ಆದಮ್ಯಾಲ ಬಂದ್ರ ಚಾ, ಅದಕ್ಕಿಂತ ಮೊದಲ ಬಂದ್ರ ‘ನಿನ್ನ’. ಆ ಮೀಸಿ ಮನುಷ್ಯಗ ನಾ ಏನಂದಿದ್ದೆ ಅಂತ ಆಗ ತಿಳೀತು.

"ಏನಂತಾರ?" ಅಂದ್ಲು ಹೆಂಡತಿ. ಇನ್ನ ಲಾರೀನೇ ಗತಿ ಅನ್ಕೊಂಡು ಇದ್ದದ್ದು ಇದ್ದಂಗ ಹೇಳಿದೆ. ಅಕಿ ನನ್ನ ನೋಡಿದ್ಲು, ತುಂಬಿದ ಬೆಂಚು ನೋಡಿದ್ಲು, ಬುತ್ತಿ ಇಳಿಸಿ ಸೆರಗು ಸಿಗಿಸಿದ್ಲು.

"ಲಾರಿ ಬ್ಯಾಡ ಬಿಡ್ರಿ. ಆದ್ರ ಇವತ್ತಿಂದ ಗಂಡಸರಿಗೆ ನೀವು ಅನ್ರಿ, ಹೆಣ್ಮಕ್ಕಳಿಗೆ ನಾ ಅಂತೀನಿ."