ಹಿಲ್ಸ್‌ಬರೋದಲ್ಲೊಬ್ಬ ಅಥೆನ್ಸಿನ ಪ್ರಜೆ

ನಮ್ಮ ಭಾವನವರಿಗೆ ಹುಚ್ಚಿಲ್ಲ. ಈ ವಾಕ್ಯವನ್ನು ಮೊದಲೇ ಬರೆದು ಪೂರ್ಣವಿರಾಮ ಹಾಕಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ನೀವು ನಂಬುವುದು ಕಷ್ಟ! ಔಷಧ ಕಂಪನಿಯೊಂದರಲ್ಲಿ ಜೀವಮಾನವೆಲ್ಲ ಮಾತ್ರೆಗಳನ್ನು ಪರೀಕ್ಷಿಸಿ ನಿವೃತ್ತರಾದ ಈ ಮೈಸೂರಿನವರು, ದೇಹದಿಂದ ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿಯೂ ಮನಸ್ಸಿನಿಂದ ಪ್ರಾಚೀನ ಗ್ರೀಸಿನಲ್ಲಿಯೂ ವಾಸವಾಗಿದ್ದಾರೆ. ಹೆಚ್ಚು ಹೊತ್ತು ಎಲ್ಲಿರುತ್ತಾರೆಂಬುದನ್ನು ನಮ್ಮಕ್ಕನನ್ನೇ ಕೇಳಬೇಕು.

ಬೆಟ್ಟಗಳು ಅಡ್ಡ ನಿಂತದ್ದರಿಂದ ಗ್ರೀಕರಲ್ಲಿ ಕಣಿವೆಗೊಂದು ರಾಜ್ಯ ಹುಟ್ಟಿತಂತೆ. “ಇಲ್ಲಿ ಅಂಥ ಬೆಟ್ಟವೂ ಇಲ್ಲದೆ ಊರಿಗೊಂದು ಪೊಲೀಸು, ಊರಿಗೊಂದು ಕಾನೂನು! ನ್ಯೂಜೆರ್ಸಿಯವರು ಗ್ರೀಕರನ್ನೂ ಮೀರಿಸಿದರು ಕಣಮ್ಮ!” ಎಂದು ಭಾವನವರು ಹಿಗ್ಗುತ್ತಾರೆ. ಸ್ಪಾರ್ಟಾ ಎಂಬ ಊರೂ ಈ ರಾಜ್ಯದಲ್ಲಿ ನಿಜವಾಗಿಯೇ ಇದೆ. ಆ ಫಲಕ ಕಂಡ ದಿನ ಅವರು ಹೋಗಬೇಕಾಗಿದ್ದ ಮದುವೆಯನ್ನು ಮರೆತು ಕಾರನ್ನು ಅತ್ತ ತಿರುಗಿಸಿ, ಪೆಟ್ರೋಲ್ ಬಂಕಿನಲ್ಲಿ ಗ್ಯಾಸ್ ಹಾಕಲು ಬಂದವನನ್ನು, “ನಿಮ್ಮ ಇಬ್ಬರು ರಾಜರೂ ಕ್ಷೇಮವೇ?” ಎಂದು ವಿಚಾರಿಸಿದರು. ಸ್ಪಾರ್ಟಾದಲ್ಲಿ ಏಕಕಾಲಕ್ಕೆ ಇಬ್ಬರು ರಾಜರಿದ್ದುದು ಅವನಿಗೇನು ಗೊತ್ತು? “ಕ್ಯಾಶಾ, ಕಾರ್ಡಾ?” ಎಂದನಂತೆ.

ಗ್ರೀಕರು ಔತಣದಲ್ಲಿ ಒರಗಿಕೊಂಡು ಉಣ್ಣುತ್ತಿದ್ದರೆಂದು ಒಂದು ಭಾನುವಾರ ಇವರೂ ಸೋಫಾದ ಮೇಲೆ ಒರಗಿದರು. ಚಪಾತಿ ಸುಸೂತ್ರವಾಗಿ ಒಳಹೋಯಿತು. ಸಾರು ಮಾತ್ರ ಕಾಲರಿನೊಳಗೆ ಇಳಿಯಿತು. “ಏನ್ರೀ, ಗ್ರೀಕರ ಮನೇಲಿ ಸಾರು ಮಾಡ್ತಿರಲಿಲ್ಲ ಅನ್ನೋದು ಈಗ ಗೊತ್ತಾಯ್ತಾ?” ಎಂದಳು ಅಕ್ಕ.

ಇನ್ನು ಗಡೀಪಾರಿನ ಪ್ರಕರಣ. ಊರಿಗೆ ಅಪಾಯವೆನಿಸಿದವನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ, ಹತ್ತು ವರ್ಷ ಹೊರಗಟ್ಟುವ ಪದ್ಧತಿ ಅಥೆನ್ಸಿನಲ್ಲಿತ್ತು. ಅಕ್ಕನ ಹೂಕುಂಡವೊಂದು ಒಡೆದದ್ದೇ ತಡ, ಭಾವನವರು ಚೂರುಗಳನ್ನು ಅಕ್ಕನಿಗೂ ಮಗಳಿಗೂ ನನಗೂ ಹಂಚಿ ಸಭೆ ಕರೆದರು. ಎಣಿಸಿದಾಗ ಮೂರು ಚೂರುಗಳಲ್ಲಿಯೂ ಅವರದೇ ಹೆಸರು! “ಪ್ರಜಾಪ್ರಭುತ್ವ ಕೆಲಸ ಮಾಡಿತು!” ಎಂದು ಕಣ್ಣರಳಿಸಿ, ಹತ್ತು ವರ್ಷವನ್ನು ಹತ್ತು ದಿನಕ್ಕೆ ಇಳಿಸಿಕೊಂಡು, ದಿಂಬಿನೊಡನೆ ಬೇಸ್‌ಮೆಂಟಿಗೆ ಇಳಿದರು. ಮೂರನೆಯ ದಿನ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆಯಬೇಕಾಗಿ ಬಂದು, ಅಕ್ಕ ಶಿಕ್ಷೆಯನ್ನು ರದ್ದುಗೊಳಿಸಿದಳು.

ಇಂಥವರಿಗೆ ಒಂದೇ ಒಂದು ಆಸೆಯಿತ್ತು: ನಮ್ಮ ಕನ್ನಡ ಕೂಟಕ್ಕೆ ಒಮ್ಮೆ ಅಧ್ಯಕ್ಷರಾಗಬೇಕು. ಮೂರು ಸಲ ನಿಂತರು, ಮೂರು ಸಲವೂ ಸೋತರು. ಯುಗಾದಿಯ ಸ್ವಾಗತ ಭಾಷಣವನ್ನೂ ಅಥೆನ್ಸಿನಿಂದಲೇ ಆರಂಭಿಸುವವರಿಗೆ ಯಾರು ಮತ ಹಾಕುತ್ತಾರೆ, ಹೇಳಿ?

ಈ ವರ್ಷ ಬೆಂಗಳೂರಿನ ಡಾಕ್ಟರರಿಗೂ ಧಾರವಾಡದ ಇಂಜಿನಿಯರರಿಗೂ ಆ ಕುರ್ಚಿಗಾಗಿ ಎಂಥ ಜಟಾಪಟಿ ನಡೆಯಿತೆಂದರೆ, ಕೂಟವೇ ಒಡೆದು ಎರಡು ಯುಗಾದಿಗಳಾಗುವ ಲಕ್ಷಣ ಕಾಣಿಸಿತು. ಆಗ ಭಾವನವರು ಎದ್ದುನಿಂತರು. “ಚುನಾವಣೆ ಬೇಡ. ಅಥೆನ್ಸಿನವರು ಅಧಿಕಾರಿಗಳನ್ನು ಕಾಳು ಎತ್ತಿಸಿ ಆರಿಸುತ್ತಿದ್ದರು. ಪಾತ್ರೆಯಲ್ಲಿ ಒಂದು ಬಿಳಿ ಕಾಳು, ಉಳಿದವೆಲ್ಲ ಕಪ್ಪು. ಬಿಳಿಯದು ಯಾರಿಗೆ ಬರುತ್ತದೋ ಅವರೇ ಅಧ್ಯಕ್ಷರು.”

“ಅಂಕಲ್, ನಿಮ್ಮ ಅಥೆನ್ಸಿನಲ್ಲಿ ಹೆಂಗಸರಿಗೂ ಕಾಳು ಸಿಗುತ್ತಿತ್ತಾ?” ಎಂದು ಒಬ್ಬಾಕೆ ಕುಟುಕಿದಳು.

“ಇಲ್ಲಮ್ಮ. ಅದು ಅವರ ತಪ್ಪು. ತಪ್ಪನ್ನೂ ಇಂಪೋರ್ಟ್ ಮಾಡಬೇಕೆಂದೇನಿಲ್ಲ.”

ಜಗಳವಾಡಿ ದಣಿದಿದ್ದ ಸಭೆ ಒಪ್ಪಿತು. ನಲವತ್ತೆರಡು ಜನ ಸದಸ್ಯರು. ಕಾಳುಗಳನ್ನು ನಾನೇ ಎರಡು ಸಲ ಎಣಿಸಿದೆ. ನಲವತ್ತೊಂದೇ ಇದ್ದವು!

“ಭಾವ, ಒಂದು ಕಡಿಮೆಯಿದೆ” ಎಂದು ಕಿವಿಯಲ್ಲಿ ಉಸುರಿದೆ.

“ಪಾತ್ರೆ ಹಿಡಿದವನು ಕಾಳು ಎತ್ತಬಾರದು ಕಣಮ್ಮ” ಎಂದರು. ನನ್ನತ್ತ ನೋಡಲಿಲ್ಲ.

ಬಿಳಿ ಕಾಳು ಬಂದದ್ದು ಯಾರಿಗೆ? ಪ್ರತಿ ಹಬ್ಬಕ್ಕೂ ಹೋಳಿಗೆ ಮಾಡಿ ತರುವ, ಆದರೆ ವೇದಿಕೆಯ ಮೇಲೆ ಒಮ್ಮೆಯೂ ಕಾಲಿಡದ, ಬಾಗಲಕೋಟೆಯ ಕಡೆಯ ಅಜ್ಜಿಗೆ!

“ಯವ್ವಾ, ನಾ ಯಾಕ್ರೀ? ನನಗ ಮೈಕ್ ಹಿಡಿಯಾಕೂ ಬರಂಗಿಲ್ಲ!”

“ಅದಕ್ಕೇ ನೀವು ಬೇಕು, ತಾಯಿ. ಮೈಕ್ ಬಿಡದವರನ್ನು ನಾವು ಬಹಳ ನೋಡಿದ್ದೇವೆ” ಎಂದು ಭಾವನವರು ಕೈಮುಗಿದರು. ಡಾಕ್ಟರರೂ ಇಂಜಿನಿಯರರೂ ಪರಸ್ಪರ ಮುಖ ನೋಡಿಕೊಂಡರು. ಆ ಅಜ್ಜಿಯ ಹೋಳಿಗೆ ತಿನ್ನದವರು ಎರಡು ಪಕ್ಷಗಳಲ್ಲಿಯೂ ಇರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಡಾಕ್ಟರರು. ಕೂಟ ಒಡೆಯದೆ ಉಳಿಯಿತು. ಆ ಕ್ಷಣದಲ್ಲಿ, ಖಾಲಿ ಪಾತ್ರೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಮನುಷ್ಯನನ್ನು ತೋರಿಸಿ, “ಇವರು ನಮ್ಮ ಭಾವನವರು” ಎಂದು ಆ ಸಭಾಂಗಣದಲ್ಲಿದ್ದವರಿಗೆಲ್ಲ ಹೇಳಬೇಕೆನಿಸಿತು. ಅವರಿಗೆಲ್ಲ ಅದು ಗೊತ್ತೇ ಇತ್ತು, ಆ ಮಾತು ಬೇರೆ!

ಮನೆಗೆ ಹಿಂದಿರುಗುವಾಗ ಭಾವನವರು ಡ್ರೈವ್ ಮಾಡುತ್ತಿದ್ದರು. ಐದು ಸಿಗ್ನಲ್‌ಗಳನ್ನು ದಾಟಿದರೂ ಒಬ್ಬ ಗ್ರೀಕನೂ ಬಾಯಿಂದ ಹೊರಬೀಳಲಿಲ್ಲ. ಆಗ, ಮೂವತ್ತನಾಲ್ಕು ವರ್ಷಗಳ ದಾಂಪತ್ಯದಲ್ಲಿ ಮೊಟ್ಟಮೊದಲ ಬಾರಿಗೆ, ಅಕ್ಕ ತಾನಾಗಿಯೇ ಕೇಳಿದಳು:

“ಅಲ್ಲಾರೀ, ಆ ಅಥೆನ್ಸಲ್ಲಿ ಬೆಳಿಗ್ಗೆ ತಿಂಡಿಗೆ ಏನ್ ಮಾಡ್ಕೋತಿದ್ರು?”

ಭಾವನವರು ಕಾರನ್ನು ನಿಧಾನವಾಗಿ ರಸ್ತೆಯ ಬದಿಗೆ ನಿಲ್ಲಿಸಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿಕೊಂಡರು.

“ಬಾರ್ಲಿ ರೊಟ್ಟಿ” ಎಂದು ಆರಂಭಿಸಿದರು.